ನಲವತ್ತು ವ್ಯಾಟಿನ ಮನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಿಗ್ಗಾವಿಯ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಇರಲಿ. ಮಂಜವ್ವನ ವಿಷಯ ಬಂದಾಗ ಮಾತ್ರ ಅದು ನೆತ್ತಿಗೇರುತ್ತದೆ. ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ. ಮೊನ್ನೆ ಯಾರೋ ಒಬ್ಬರು ನಮ್ಮ ಅಂಗಡಿಯಲ್ಲಿ ಕುಳಿತು, ಆ ಕಾಲದಲ್ಲಿ ನಮ್ಮ ಕಡೆಯವರಿಗೆ ಕಂಪ್ಯೂಟರ್ ಅಂದರೆ ಏನು ಅಂತ ಯಾರಿಗೆ ಗೊತ್ತಿತ್ತು ಎಂದು ನಕ್ಕರು. ಗೊತ್ತಿತ್ತು. ಬಂಕಾಪುರದ ಕೇರಿಯಲ್ಲಿ, ಒಂದೇ ಬಲ್ಬಿನ ಮನೆಯಲ್ಲಿ ಒಬ್ಬ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಅವಳ ತಪ್ಪಾಯಿತು.

ಆಗ ಎಂಬತ್ತಾರನೆಯ ಇಸವಿ. ನಮ್ಮಪ್ಪ ಶಂಕ್ರಪ್ಪನದು ಶಿಗ್ಗಾವಿ ಬಸ್ ನಿಲ್ದಾಣದ ಹಿಂದೆ ರೇಡಿಯೋ ರಿಪೇರಿ ಅಂಗಡಿ. ಬಲ್ಬು, ವೈರು, ಹೋಲ್ಡರು ಮಾರುತ್ತಿದ್ದೆವು. ಟ್ರ್ಯಾಕ್ಟರು, ಜೀಪುಗಳ ಬ್ಯಾಟರಿ ಚಾರ್ಜ್ ಮಾಡಿ ಕೊಡುತ್ತಿದ್ದೆವು. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಅಂಗಡಿಯಲ್ಲಿ ನಾನು ಕುಳಿತೆ, ಬೆಸುಗೆ ಹಾಕುವುದನ್ನೂ ಕಲಿತೆ. ಸರೋಜವ್ವನನ್ನು ಯಾರು ಮದುವೆಯಾಗುತ್ತಾರೆ, ಕೈಯೆಲ್ಲ ಸುಟ್ಟ ಕಲೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಂಜವ್ವನನ್ನು ನಾನು ಮೊದಲು ಕಂಡದ್ದು ನಮ್ಮೂರಿನ ಟೈಪಿಂಗ್ ಕ್ಲಾಸಿನಲ್ಲಿ. ಬಂಕಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಮೂಲೆಯ ಮಶೀನೊಂದರಲ್ಲಿ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಅದನ್ನೇ ಅವಳಿಗೆ ಕೊಟ್ಟಿದ್ದರು. ಬೇರೆ ಮಶೀನು ಇಲ್ಲವೆಂದು ಕೊಟ್ಟರೋ, ಕೇರಿಯ ಹುಡುಗಿ ಮುಟ್ಟಿದ್ದನ್ನು ಉಳಿದವರು ಮುಟ್ಟುವುದಿಲ್ಲವೆಂದು ಕೊಟ್ಟರೋ ಎಂದು ನಾನು ಕೆಲವು ದಿನ ಯೋಚಿಸಿದೆ. ಆಮೇಲೆ ಒಂದು ದಿನ ಅದು ಪೂರ್ತಿ ನಿಂತುಹೋಯಿತು. ಪಕ್ಕದ ಮಶೀನು ಖಾಲಿ ಇದ್ದರೂ ಮಾಸ್ತರರು ಅವಳನ್ನು ಮನೆಗೆ ಹೋಗು ಎಂದರು. ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ. ನಾನು ಮಾಸ್ತರರಿಗೆ ಬಾಯಿಗೆ ಬಂದಂತೆ ಅಂದು, ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಆ ಮಶೀನನ್ನು ಅಲ್ಲೇ ಬಿಚ್ಚಿ ಸರಿಮಾಡಿದೆ. ಮಂಜವ್ವ ಬಿಟ್ಟ ಸಾಲಿನಿಂದಲೇ ಟೈಪು ಮುಂದುವರಿಸಿದಳು. ಅವತ್ತಿನಿಂದ ನನ್ನನ್ನು ಸರೋಜಕ್ಕ ಎಂದು ಕರೆಯತೊಡಗಿದಳು.

ಅವಳ ಅಪ್ಪ ಉಡಚಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವ್ವ ಚೌಡವ್ವ ಮೆಣಸಿನಕಾಯಿ ಕಣದಲ್ಲಿ ಕೂಲಿಗೆ ಹೋಗುತ್ತಿದ್ದಳು. ತೊಟ್ಟು ಬಿಡಿಸುವುದು, ಚೀಲ ತುಂಬುವುದು. ಸಂಜೆ ಮನೆಗೆ ಬರುವಾಗ ಅವಳ ಕಣ್ಣು ಕೆಂಡ, ತಲೆ ಸಿಡಿತ. ಆ ಕಣ್ಣಿಗೆ ಚಿಮಣಿ ದೀಪದ ಹೊಗೆ ತಗುಲಿದರೆ ನೀರು ಸುರಿದು ಹಂಚಿನ ಮೇಲಿನ ರೊಟ್ಟಿಯೇ ಕಾಣುತ್ತಿರಲಿಲ್ಲ. ಹಾಗಾಗಿ ಭಾಗ್ಯಜ್ಯೋತಿ ಯೋಜನೆಯಲ್ಲಿ ಕೇರಿಗೆ ಕರೆಂಟು ಬಂದು, ಮನೆಯ ನಡುತೊಲೆಗೆ ಒಂದು ಹೋಲ್ಡರು, ಒಂದು ನಲವತ್ತು ವ್ಯಾಟಿನ ಬಲ್ಬು ತೂಗಿದ ದಿನ ಚೌಡವ್ವ ಅದಕ್ಕೆ ಊದಿನಕಡ್ಡಿ ಬೆಳಗಿದ್ದಳು. ಹೊಗೆಯಿಲ್ಲದ ಬೆಳಕು. ಮೀಟರಿಲ್ಲ, ಸ್ವಿಚ್ ಬೋರ್ಡಿಲ್ಲ, ಇನ್ನೊಂದು ಪಾಯಿಂಟಿಲ್ಲ. ಆ ಮನೆಗೆ ಸಿಕ್ಕ ಕರೆಂಟು ಅಷ್ಟೇ.

ಮಂಜವ್ವ ಟೈಪಿಂಗಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು, ಕೆಲಸ ಸಿಗಲಿಲ್ಲ. ಖರೀದಿ ಪತ್ರ ಬರೆಯುವವರ ಕಾಗದಗಳನ್ನು ಮನೆಗೆ ತಂದು ಬಾಡಿಗೆಯ ಹಳೇ ಮಶೀನಿನಲ್ಲಿ ಟೈಪು ಮಾಡಿ ಕೊಡತೊಡಗಿದಳು. ಇರುವುದು ಒಂದೇ ಕೋಣೆ. ಇವಳು ಕಟಕಟ ಶುರುಮಾಡಿದರೆ ಚೌಡವ್ವ ತಲೆಗೆ ಬಟ್ಟೆ ಬಿಗಿದು ಗೋಡೆಯ ಕಡೆ ಮುಖಮಾಡಿ ಮಲಗುತ್ತಿದ್ದಳು. ಒಂದೊಂದು ಅಕ್ಷರವೂ ತಲೆಯಲ್ಲಿ ಮೊಳೆ ಬಡಿದಂತಾಗುತ್ತದೆ ಎನ್ನುತ್ತಿದ್ದಳು. ಮಗಳು ಸಾಧ್ಯವಾದಷ್ಟು ಮೆತ್ತಗೆ ಒತ್ತುತ್ತಿದ್ದಳು, ಮೆತ್ತಗೆ ಒತ್ತಿದರೆ ಕಾರ್ಬನ್ ಪ್ರತಿಯಲ್ಲಿ ಅಕ್ಷರ ಮೂಡುತ್ತಿರಲಿಲ್ಲ. ಆ ಮನೆಯಲ್ಲಿ ದುಡಿಮೆಗೂ ನಿದ್ದೆಗೂ ದಿನಾ ಜಗಳವಾಗುತ್ತಿತ್ತು.

ಆ ವರ್ಷವೇ ಹುಬ್ಬಳ್ಳಿಯಲ್ಲಿ ಪರಿಶಿಷ್ಟ ಜಾತಿಯ ಹುಡುಗಿಯರಿಗೆ ಆರು ತಿಂಗಳ ಕಂಪ್ಯೂಟರ್ ತರಬೇತಿ ಎಂದು ಪತ್ರಿಕೆಯಲ್ಲಿ ಬಂತು. ನಾನೇ ಅವಳನ್ನು ಬಸ್ಸು ಹತ್ತಿಸಿದೆ. ಮೊದಲ ದಿನ ಹೋಗಿಬಂದು ಅವಳು ಹೇಳಿದ್ದು ಕಂಪ್ಯೂಟರಿನ ಸುದ್ದಿಯನ್ನಲ್ಲ. ಧೂಳು ಬೀಳಬಾರದೆಂದು ಆ ತಣ್ಣನೆಯ ಕೋಣೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕಿತ್ತಂತೆ, ಸಾಹೇಬರೂ ಬಿಟ್ಟರಂತೆ. ಬಂಕಾಪುರದಲ್ಲಿ ಸಾವುಕಾರರ ಓಣಿ ದಾಟುವಾಗ ಚೌಡವ್ವ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯುತ್ತಿದ್ದಳು.

"ಎಲ್ಲಾರೂ ಚಪ್ಪಲಿ ಬಿಟ್ಟ ನಿಂತಿದ್ದು ನಾ ಅಲ್ಲೇ ಮೊದಲ ಸಲ ನೋಡಿದೆ ಸರೋಜಕ್ಕ" ಎಂದಳು ಮಂಜವ್ವ.

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ತರಬೇತಿ ಮುಗಿದ ಮೇಲೆ ಸ್ವಯಂ ಉದ್ಯೋಗದ ಯೋಜನೆಗೆ ಅರ್ಜಿ ಹಾಕಿದಳು. ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಮಕ್ಕಳಿಗೆ ಕಲಿಸಬೇಕು ಎಂಬುದು ಅವಳ ಆಸೆ. ಧಾರವಾಡದಿಂದ ಅಧಿಕಾರಿಯೊಬ್ಬರು ಬಂದು ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾವಿ ನಾಲ್ಕೂ ತಾಲೂಕಿನವರನ್ನು ನಮ್ಮೂರಿನಲ್ಲೇ ಕರೆದು ಕೂರಿಸಿದರು. ಹಾನಗಲ್ಲಿನವರು ಹೊಲಿಗೆ ಮಶೀನು ಕೇಳಿದರು, ಹಿರೇಕೆರೂರಿನವರು ಎಮ್ಮೆ ಕೇಳಿದರು, ಸವಣೂರಿನವನೊಬ್ಬ ಸೈಕಲ್ ಅಂಗಡಿ ಕೇಳಿದ. ಸಮಿತಿಯಲ್ಲಿ ನಮ್ಮ ಕಡೆಯ ಮುಖಂಡ ಬಂಕಾಪುರದ ಶಿದ್ಲಿಂಗಪ್ಪ ಸಾವುಕಾರ. ಹೊಲ, ಗಿರಣಿ, ಹಾಲಿನ ಡೇರಿ ಎಲ್ಲ ಅವನ ಕೈಯಲ್ಲಿದ್ದವು. ಮಂಜವ್ವ ಕಂಪ್ಯೂಟರ್ ಎಂದಾಗ ಅವನು ಅಧಿಕಾರಿಯ ಮುಖ ನೋಡಿ ನಕ್ಕ. ಎಮ್ಮೆ ತಗೋ, ಹಾಲಾದರೂ ಕೊಡುತ್ತದೆ, ಡಬ್ಬಿ ಏನು ಕೊಡುತ್ತದೆ ಎಂದು ಕೇಳಿದ.

"ನಮ್ಮ ಎಮ್ಮಿ ಹಾಲು ಯಾರ ಕುಡೀತಾರ್ರಿ ಸಾವ್ಕಾರ್ರ?" ಎಂದಳು ಮಂಜವ್ವ. "ನಿಮ್ಮ ಡೇರ್‍ಯಾಗ ನಮ್ಮ ಕೇರಿ ಹಾಲಿನ ಕ್ಯಾನು ಬ್ಯಾರೆ ಇಡಸ್ತೀರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಬಿಸಿಲು ಜೋರು ಎನ್ನುವ ಹಾಗೆ ಹೇಳಿದಳು. ಅಧಿಕಾರಿ ತಲೆ ತಗ್ಗಿಸಿ ಕಾಗದದ ಮೇಲೆ ಮಂಜೂರು ಎಂದು ಬರೆದರು. ಸಾವುಕಾರನ ನಗು ಅಲ್ಲಿಗೆ ನಿಂತಿತು, ಅವನು ಮಾತ್ರ ನಿಲ್ಲಲಿಲ್ಲ. ಮರುದಿನವೇ ನಮ್ಮ ಅಂಗಡಿಗೆ ಬಂದು ಅಪ್ಪನ ಹತ್ತಿರ ಕುಳಿತ. ಸರಕಾರ ಕೊಡುವಾಗ ದೊಡ್ಡ ಕಂಪ್ಯೂಟರನ್ನೇ ತೆಗೆದುಕೊಳ್ಳಲಿ, ಹುಬ್ಬಳ್ಳಿಯಲ್ಲಿ ತನ್ನ ಅಳಿಯನ ಅಂಗಡಿಯಿದೆ, ಅಲ್ಲೇ ತರಲಿ ಎಂದ. ಕೇರಿಯ ಮನೆಯಲ್ಲಿ ಅಷ್ಟು ದೊಡ್ಡದು ನಡೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ನಡೆಯದಿದ್ದರೆ ತನ್ನ ಪಡಸಾಲೆ ಇದೆಯಲ್ಲ ಎಂದೂ ಸೇರಿಸಿದ. ಅಪ್ಪ ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದ. ಸಾವುಕಾರನ ಹೊಲದ ಪಂಪುಗಳೆಲ್ಲ ರಿಪೇರಿಗೆ ನಮ್ಮ ಅಂಗಡಿಗೇ ಬರುತ್ತಿದ್ದವು.

ಹುಬ್ಬಳ್ಳಿಗೆ ಮಂಜವ್ವನ ಜೊತೆ ನಾನು ಹೋದೆ. ಅಳಿಯ ಒಳ್ಳೇ ಇಸ್ತ್ರಿಯ ಅಂಗಿ ತೊಟ್ಟವನು. ಮೇಜಿನ ಮೇಲಿದ್ದ ದೊಡ್ಡ ಕಂಪ್ಯೂಟರಿನ ಗುಂಡಿ ಒತ್ತಿದ. ಒಳಗಿನ ಫ್ಯಾನು ಗೊರ್ ಎಂದು ಶುರುವಾಯಿತು, ಪಕ್ಕದಲ್ಲಿ ಸ್ಟೆಬಿಲೈಜರ್ ಗುಂಯ್‌ಗುಟ್ಟಿತು, ಅಂಗಡಿಯ ಟ್ಯೂಬ್‌ಲೈಟು ಒಮ್ಮೆ ಮಂಕಾಗಿ ಮತ್ತೆ ಹತ್ತಿತು. ಇದರ ನೆನಪಿನ ಶಕ್ತಿ ಇಷ್ಟು, ವೇಗ ಇಷ್ಟು ಎಂದು ಅವನು ಪಾಠ ಒಪ್ಪಿಸುತ್ತಿದ್ದ. ಮಂಜವ್ವ ಕೇಳಿದ್ದು ಒಂದೇ ಪ್ರಶ್ನೆ, ಇದು ಎಷ್ಟು ವ್ಯಾಟು ತಿನ್ನುತ್ತದೆ ಎಂದು. ಮಿಕ್ಸರ್ ಕೊಳ್ಳಲು ಬಂದಿದ್ದೀರೇನು ಎಂದು ಅವನು ಹಲ್ಲು ಕಿಸಿದ. ನಾನು ಮೇಜಿನ ಹಿಂದೆ ಬಗ್ಗಿ ಅದರ ಬೆನ್ನಿಗಿದ್ದ ತಗಡಿನ ಚೀಟಿ ಓದಿದೆ. ಇನ್ನೂರರ ಮೇಲಿತ್ತು, ಪರದೆ ಬೇರೆ, ಸ್ಟೆಬಿಲೈಜರ್ ಬೇರೆ. ಹಿಂದಿನ ಕಿಂಡಿಯಿಂದ ಬರುವ ಬಿಸಿಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

ಸಣ್ಣದು ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಹಾಜರಿ ಪುಸ್ತಕದಷ್ಟು ಉದ್ದಗಲ, ಮೇಲೆ ಕೀಲಿಗಳು, ಕೀಲಿಗಳ ಕೆಳಗೇ ಇಡೀ ಕಂಪ್ಯೂಟರು. ಟಿವಿಗೆ ಜೋಡಿಸಬೇಕು, ಪಾಠಗಳನ್ನು ಸೆಲ್ಲಿನ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಒಳಗೆ ತುಂಬಬೇಕು. ಅದು ಮಕ್ಕಳ ಆಟಿಕೆ, ಕರೆಂಟು ಹೋದರೆ ಕಲಿಸಿದ್ದನ್ನೆಲ್ಲ ಮರೆಯುತ್ತದೆ, ಅದನ್ನೇನು ನೋಡುತ್ತೀರಿ ಎಂದ ಅಳಿಯ. ಮಂಜವ್ವ ಹಚ್ಚಿ ತೋರಿಸು ಎಂದಳು. ಟಿವಿಯ ಪರದೆ ಬೆಳ್ಳಗಾಯಿತು. ಅವಳು ಬಗ್ಗಿ ಕಿವಿಯನ್ನು ಕೀಲಿಗಳ ಹತ್ತಿರ ತಂದಳು. ಸದ್ದೇ ಇಲ್ಲ. ಅಂಗೈ ಇಟ್ಟು ನೋಡಿದಳು. ಬುಟ್ಟಿಯಲ್ಲಿಟ್ಟು ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು ಬೆಚ್ಚಗಿತ್ತಂತೆ. ನಾನು ತಿರುವಿ ಓದಿದೆ. ಇದು ಹತ್ತು ವ್ಯಾಟು, ನಮ್ಮ ಅಂಗಡಿಯಲ್ಲಿದ್ದ ಸಣ್ಣ ಕಪ್ಪುಬಿಳುಪು ಟಿವಿ ಇಪ್ಪತ್ತೈದು. ಎರಡೂ ಸೇರಿ ಮೂವತ್ತೈದು.

"ನಲವತ್ತರಾಗ ಕುಂದರ್ತೈತಿ ಸರೋಜಕ್ಕ" ಎಂದಳು. "ನಮ್ಮವ್ವನ ತಲೀನೂ ಸಿಡಿಸೂದಿಲ್ಲ. ದೊಡ್ಡದೂ ಕರೆಂಟ್ ಹೋದ್ರ ಮರೀತೈತಿ, ಆದ್ರ ಗದ್ದಲಾ ಮಾಡಿ ಮರೀತೈತಿ."

ಅಷ್ಟೇ ಅವಳ ಲೆಕ್ಕ. ಅದಕ್ಕಿಂತ ಚೆನ್ನಾಗಿ ಲೆಕ್ಕ ಹಾಕಿ ಯಂತ್ರ ಆರಿಸಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ದೊಡ್ಡದು ಬೇಕೆಂದು ತಂದು ಮನೆಯಲ್ಲಿ ಹೊದಿಕೆ ಹೊದಿಸಿ ಪೂಜೆ ಮಾಡಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಸಾವುಕಾರ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದ. ಅಧಿಕಾರಿ ಮಾತ್ರ, ಯಾವುದು ಬೇಕೆಂಬುದು ಫಲಾನುಭವಿಗೆ ಬಿಟ್ಟದ್ದು ಎಂದು ಹೇಳಿ ಕಳಿಸಿದರು. ಸಾವುಕಾರ ಹಲ್ಲು ಕಡಿದುಕೊಂಡು ಸಹಿ ಹಾಕಿದ. ಆ ಸಹಿಯನ್ನು ಅವನು ಮರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಯಂತ್ರ ಮನೆಗೆ ಬಂತು, ಜೊತೆಗೆ ನಮ್ಮ ಅಂಗಡಿಯ ಸಣ್ಣ ಟಿವಿಯೂ ಬಂತು. ಇರುವುದು ಒಂದೇ ಹೋಲ್ಡರು. ಎರಡು ಬಾಯಿಯ ಹೋಲ್ಡರ್ ಹಾಕುತ್ತೇನೆ, ಒಂದಕ್ಕೆ ಬಲ್ಬು, ಇನ್ನೊಂದಕ್ಕೆ ಕಂಪ್ಯೂಟರು ಎಂದು ನಾನು ಹೇಳಿದೆ. ಮಂಜವ್ವ ಬೇಡವೇ ಬೇಡ ಎಂದಳು. ನಲವತ್ತು ಎಂದರೆ ನಲವತ್ತು, ಅದರ ಮೇಲೆ ಒಂದು ವ್ಯಾಟು ಹೋದರೂ ನಾಳೆ ಕಳ್ಳಿ ಎನ್ನುತ್ತಾರೆ ಎಂದಳು. ಬಲ್ಬು ತೆಗೆದು ಆ ಜಾಗಕ್ಕೆ ಪ್ಲಗ್ಗು ತಿರುವಿದಳು. ಮನೆ ಕತ್ತಲಾಯಿತು, ಟಿವಿ ಬೆಳ್ಳಗಾಯಿತು.

ಚೌಡವ್ವ ಆಗತಾನೇ ಕಣದಿಂದ ಬಂದಿದ್ದಳು. ಆವತ್ತು ಅವಳು ಮಗಳಿಗೆ ಬೈದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಡೀ ಜನ್ಮದಲ್ಲಿ ತನಗೆ ಸಿಕ್ಕಿದ್ದು ಆ ಒಂದು ದೀಪ, ಅದನ್ನೂ ಮಗಳೇ ಕಸಿದುಕೊಂಡಳು ಎಂದು ಹೇಳಿ, ತೆಗೆದಿಟ್ಟ ಬಲ್ಬನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಳು.   ಮಂಜವ್ವ ಟಿವಿ ಇಟ್ಟಿದ್ದ ಹಲಗೆಯನ್ನೇ ಎತ್ತಿ ಒಲೆಯ ಎದುರು ತಂದಿಟ್ಟಳು. ಬಿಳಿ ಬೆಳಕು ಹಂಚಿನ ಮೇಲೆ ಬಿತ್ತು. ಹೊಗೆ ಇಲ್ಲ, ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚೌಡವ್ವ ಎದ್ದು ಒಳಗೆ ಬಂದು ಹಿಟ್ಟು ನಾದತೊಡಗಿದಳು. ಮಾತು ಮಾತ್ರ ಎಂಟು ದಿನ ಬಿಟ್ಟಿದ್ದಳು.

ಕ್ಲಾಸು ಶುರುವಾಯಿತು. ಕೇರಿಯ ಮಕ್ಕಳು ಮೊದಲು ಬಂದರು. ಆಮೇಲೆ ಊರಿನ ಹಳೇ ಕೋಟೆಯ ಕಡೆಯಿಂದ ಗೌಸಬಿ ಎಂಬವಳ ಮಗಳು ಶಾಕೀರಾ ಬಂದಳು. ಕಂಪ್ಯೂಟರಿನಲ್ಲಿ ಕನ್ನಡವಿರಲಿಲ್ಲ. ಆದರೆ ಹೊಸ ಅಕ್ಷರ ಬೇಕಾದರೆ ಚುಕ್ಕಿಗಳನ್ನು ಜೋಡಿಸಿ ಕೊಡಬಹುದಿತ್ತು, ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಮಂಜವ್ವ ಅಂಗಳ ಸಾರಿಸಿ ರಂಗೋಲಿ ಹಿಟ್ಟಿನಲ್ಲಿ ಚುಕ್ಕಿಗಳನ್ನು ಇಡುವಳು. ಯಾವ ಚುಕ್ಕಿ ಇರಬೇಕು, ಯಾವುದು ಅಳಿಯಬೇಕು ಎಂದು ಹುಡುಗಿಯರು ಜಗಳವಾಡಿ ನಿಶ್ಚಯಿಸುವರು, ಆಮೇಲೆ ಒಳಗೆ ಹೋಗಿ ಅದನ್ನೇ ಯಂತ್ರಕ್ಕೆ ಹೇಳುವರು. ಪರದೆಯ ಮೇಲೆ ಮೊದಲು ಬಂದ ಅಕ್ಷರ ಅ. ಸೊಟ್ಟಗಿತ್ತು, ಆದರೂ ಅದೇ ಎಂದು ಗುರುತು ಸಿಗುತ್ತಿತ್ತು.

ನಾನೂ ವಾರಕ್ಕೆರಡು ಸಲ ಕಲಿಯಲು ಹೋಗುತ್ತಿದ್ದೆ. ತಿರುಗಿ ಬಂದಾಗ ನಮ್ಮವ್ವ ಹಿತ್ತಲಲ್ಲಿ ಬಿಸಿನೀರು ತೋಡಿಟ್ಟು, ಸ್ನಾನ ಮಾಡದೆ ಒಳಗೆ ಬರಬೇಡ ಎನ್ನುತ್ತಿದ್ದಳು. ನಾನು ಬೇಕೆಂದೇ ಹಾಗೆಯೇ ಒಳಗೆ ಹೋಗಿ ನೀರಿನ ಕೊಡ ಮುಟ್ಟುತ್ತಿದ್ದೆ. ಅವಳು ಕೊಡವನ್ನು ಸುರಿದು ಹೊಸ ನೀರು ತುಂಬುತ್ತಿದ್ದಳು. ಬೇಸಿಗೆಯಲ್ಲೂ ಸುರಿದಳು. ನಾಲ್ಕು ಓಣಿ ದಾಟಿ ಹೊತ್ತು ತರುವ ನೀರು ಅದು. ಅವಳ ಸೊಂಟ ನೋಯುವುದು ಗೊತ್ತಿದ್ದರೂ ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಜೂನಿನಲ್ಲಿ ಶಾಲೆಗಳು ಶುರುವಾದ ಮೇಲೆ ಬಂಕಾಪುರದ ಪೇಟೆಯ ಎರಡು ಮನೆಯವರು ತಮ್ಮ ಮಕ್ಕಳನ್ನು ಕೇರಿಗೆ ಕಳಿಸಲೋ ಬೇಡವೋ ಎಂದು ಮಾತಾಡತೊಡಗಿದರು. ಅದು ಸಾವುಕಾರನ ಕಿವಿಗೆ ಬಿತ್ತು. ಮೂರು ದಿನದಲ್ಲಿ ಲೈನ್‌ಮನ್ ಉಳಿವೆಪ್ಪ ಏಣಿ ಹೊತ್ತು ಕೇರಿಗೆ ಬಂದ. ದೂರು ಬಂದಿದೆ, ದೀಪದ ಕನೆಕ್ಷನ್ನಿನಲ್ಲಿ ಯಂತ್ರ ನಡೆಸುತ್ತಿದ್ದೀರಿ ಎಂದ. ಮಂಜವ್ವ ಅವನಿಗೆ ಬಲ್ಬಿನ ಮೇಲಿನ ನಲವತ್ತನ್ನು ತೋರಿಸಿದಳು, ಯಂತ್ರದ ಹತ್ತನ್ನು ತೋರಿಸಿದಳು, ಟಿವಿಯ ಇಪ್ಪತ್ತೈದನ್ನು ತೋರಿಸಿದಳು. ಸರಕಾರದ ಕರೆಂಟನ್ನು ನಾನು ಐದು ವ್ಯಾಟು ಉಳಿಸುತ್ತಿದ್ದೇನೆ ಎಂದಳು. ಉಳಿವೆಪ್ಪ ಕೆಟ್ಟವನಲ್ಲ, ಬೆವರು ಒರೆಸಿಕೊಂಡ. ನಿಯಮದಲ್ಲಿ ವ್ಯಾಟಿನ ಮಾತಿರಲಿ, ಒಂದು ದೀಪ ಎಂದಿದೆ, ದೀಪ ಬಿಟ್ಟು ಬೇರೆ ಏನೂ ಉರಿಸುವ ಹಾಗಿಲ್ಲ ಎಂದು ಹೇಳಿ ಕಂಬ ಹತ್ತಿ ವೈರು ಕತ್ತರಿಸಿದ. ಅದೇ ಓಣಿಯ ತುದಿಯಲ್ಲಿ ಸಾವುಕಾರನ ಗಿರಣಿಗೆ ಮೀಟರಿನ ಹಿಂದಿನಿಂದ ಎಳೆದ ವೈರು ಆ ಕಂಬದ ಮೇಲಿಂದಲೇ ಅವನಿಗೆ ಕಾಣುತ್ತಿತ್ತು. ಕಣ್ಣು ಆ ಕಡೆ ಹೊರಳಲಿಲ್ಲ.

ಕೋಟೆಯ ನವಿಲುಗಳು ಬೆಳಗು ಬೈಗು ಎನ್ನದೆ ಊರೆಲ್ಲ ಕೇಳುವಂತೆ ಅರಚುತ್ತಿದ್ದವು. ಗಿರಣಿ ಇಡೀ ದಿನ ಗಡಗಡ ಎನ್ನುತ್ತಿತ್ತು. ಯಾರಿಗೂ ತೊಂದರೆಯಾಗಲಿಲ್ಲ. ಸದ್ದೇ ಮಾಡದ ಒಂದು ಸಣ್ಣ ಪೆಟ್ಟಿಗೆ ಮಾತ್ರ ಊರಿನ ನಿದ್ದೆ ಕೆಡಿಸಿತ್ತು.

ಮಂಜವ್ವ ಅಂಗಡಿಗೆ ಬಂದು ಸುದ್ದಿ ಹೇಳಿದಾಗ ನಾನು ಕೈಗೆ ಸಿಕ್ಕಿದ ಬಲ್ಬೊಂದನ್ನು ನೆಲಕ್ಕೆ ಹೊಡೆದೆ. ಅವಳು ಚೂರುಗಳನ್ನು ಆರಿಸಿ ಹಾಕಿ, ಬ್ಯಾಟರಿಯ ಮೇಲೆ ನಡೆಯುವುದಿಲ್ಲವೇ ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ನಡೆಯುತ್ತಿತ್ತು. ಸಣ್ಣ ಟಿವಿ ಹನ್ನೆರಡು ವೋಲ್ಟಿನ ಬ್ಯಾಟರಿಗೂ ಆಗುವಂಥದ್ದು. ಕಂಪ್ಯೂಟರಿಗೆ ಒಂಬತ್ತು ವೋಲ್ಟು ಸಾಕು, ಹನ್ನೆರಡನ್ನು ಒಂಬತ್ತಕ್ಕೆ ಇಳಿಸುವ ಚಿಕ್ಕ ಜೋಡಣೆಯನ್ನು ನಾನೇ ಬೆಸೆದೆ. ದೊಡ್ಡದನ್ನು ತಂದಿದ್ದರೆ ಅದು ಅವತ್ತೇ ಸಾವುಕಾರನ ಪಡಸಾಲೆ ಸೇರುತ್ತಿತ್ತು. ಹಳೇ ಜೀಪಿನ ಬ್ಯಾಟರಿಯೊಂದು ಒಂದು ವಾರ ಬರುತ್ತಿತ್ತು. ತೀರಿದಾಗ ಮಂಜವ್ವ ಸಿಂಬೆ ಮಾಡಿ ಅದನ್ನು ತಲೆಯ ಮೇಲೆ ಹೊತ್ತು ಬಸ್ಸಿನಲ್ಲಿ ಶಿಗ್ಗಾವಿಗೆ ತರುತ್ತಿದ್ದಳು. ಆಸಿಡ್ಡು ತುಳುಕಿ ಅವಳ ಸೀರೆಗಳೆಲ್ಲ ತೂತು ಬಿದ್ದವು.

ಒಂದು ದಿನ ಅಪ್ಪ ಚಾರ್ಜರಿನ ತಂತಿಯನ್ನು ಅವಳ ಬ್ಯಾಟರಿಯಿಂದ ತೆಗೆದಿಟ್ಟ. ಸಾವುಕಾರ ಹೇಳಿ ಕಳಿಸಿದ್ದ. ನಮಗೆ ಬೇಡದ ಉಸಾಬರಿ, ಊರಿನವರ ಜೊತೆ ಬಾಳಬೇಕು ಎಂದ ಅಪ್ಪ. ನಾನು ತಂತಿಯನ್ನು ತಿರುಗಿ ಹಚ್ಚಿದೆ.

"ಇನ್ನೊಮ್ಮೆ ಇದನ್ನ ತಗದ್ರ ನಾನೂ ಕೇರಿಗೇ ಹೋಗಿ ಇರ್ತೇನಿ ಅಪ್ಪಾ" ಎಂದೆ. "ಆಮ್ಯಾಲ ಅವ್ವ ಎಷ್ಟ ಕೊಡಾ ಚೆಲ್ತಾಳೋ ನೋಡೂಣು."

ಅಪ್ಪ ಮತ್ತೆ ತೆಗೆಯಲಿಲ್ಲ. ನನ್ನ ಜೊತೆ ಸರಿಯಾಗಿ ಮಾತಾಡಲೂ ಇಲ್ಲ.

ವೈರು ಕತ್ತರಿಸಿದಾಗ ಹೋದದ್ದು ಕಂಪ್ಯೂಟರಿನ ಕರೆಂಟಲ್ಲ, ಚೌಡವ್ವನ ದೀಪ. ಕ್ಲಾಸು ನಡೆಯುವಷ್ಟು ಹೊತ್ತು ಪರದೆಯ ಬೆಳಕಿನಲ್ಲಿ ಅಡುಗೆ ಮುಗಿಸಬೇಕು, ಆಮೇಲೆ ಬ್ಯಾಟರಿ ಉಳಿಸಲು ಎಲ್ಲ ಬಂದ್. ಉಳಿದ ಹೊತ್ತಿಗೆ ಚಿಮಣಿ, ಹೊಗೆ, ಕಣ್ಣೀರು. ಅವಳ ಎಡಗಣ್ಣು ಆ ಮಳೆಗಾಲದಲ್ಲಿ ಊದಿಕೊಂಡು ಮುಚ್ಚಿಯೇ ಇತ್ತು. ಮಂಜವ್ವ ಒಳಗೊಳಗೇ ಸೋಲುತ್ತಿದ್ದುದು ಅಲ್ಲಿ. ಯಂತ್ರವನ್ನು ಸಾವುಕಾರನಿಗೆ ಕೊಟ್ಟುಬಿಟ್ಟರೆ ಅವ್ವನ ದೀಪ ತಿರುಗಿ ಬರುತ್ತದೆ ಅಂತ ಇಡೀ ಕೇರಿಯೇ ಹೇಳುತ್ತಿತ್ತು. ಅವ್ವ ಒಂದು ಮಾತು ಬೇಡ ಎಂದರೆ ಕೊಟ್ಟುಬಿಡುತ್ತೇನೆ ಸರೋಜಕ್ಕ, ನನ್ನಿಂದ ಇನ್ನು ಆಗುವುದಿಲ್ಲ ಎಂದು ಒಂದು ದಿನ ಬಸ್ ನಿಲ್ದಾಣದಲ್ಲಿ ಬ್ಯಾಟರಿಯ ಪಕ್ಕದಲ್ಲಿ ಕುಳಿತು ಹೇಳಿದಳು. ಅವ್ವ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ನಾಗರ ಪಂಚಮಿ ಮುಗಿದ ವಾರ. ಮಳೆ ಹಿಡಿದ ಸಂಜೆ. ನಾನು ಚಾರ್ಜಾದ ಬ್ಯಾಟರಿ ತೆಗೆದುಕೊಂಡು ಅವಳ ಜೊತೆ ಹೋಗಿದ್ದೆ. ಕೋಣೆಯಲ್ಲಿ ಐದಾರು ಹುಡುಗಿಯರು ಪರದೆಯ ಮುಂದೆ ಕುಳಿತಿದ್ದರು, ಚೌಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಹೊರಗೆ ಕೊಡೆ ಹಿಡಿದು ಸಾವುಕಾರ ಬಂದು ನಿಂತ. ಹಿಂದೆ ಉಳಿವೆಪ್ಪ, ಅವನ ಕೈಯಲ್ಲಿ ರಟ್ಟಿನ ಕವಚದ ಹೊಸ ಬಲ್ಬು. ಮಳೆ ಸುರಿಯುತ್ತಿದ್ದರೂ ಸಾವುಕಾರ ಹೊಸ್ತಿಲು ದಾಟಲಿಲ್ಲ. ಮಂಜವ್ವನ ಕಡೆ ತಿರುಗಿಯೂ ನೋಡಲಿಲ್ಲ. ಯಾರನ್ನು ಕೇಳಬೇಕೆಂದು ಅವನಿಗೆ ಗೊತ್ತಿತ್ತು.

"ಚೌಡವ್ವಾ, ನಿನ್ನ ಕಣ್ಣಿನ ತ್ರಾಸು ನನಗ ಗೊತ್ತಿಲ್ಲೇನು? ದೀಪಾ ಈಗ ಹಚ್ಚಸ್ತೇನಿ" ಎಂದ. "ಆ ಡಬ್ಬಿ ನಮ್ಮ ಪಡಸಾಲ್ಯಾಗ ಇರ್ಲಿ. ನಿನ್ನ ಮಗಳು ಬಂದು ಕಲಸ್ಲಿ, ಊರ ಮಕ್ಕಳೂ ಬರ್ತಾರ."

ನಾನು ಬಾಯಿ ತೆರೆದೆ. ಮಂಜವ್ವ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಅವಳು ಅವ್ವನನ್ನೇ ನೋಡುತ್ತಿದ್ದಳು. ಒಂದು ವರ್ಷದ ದುಡಿಮೆಯೆಲ್ಲ ಊದಿದ ಆ ಒಂದು ಕಣ್ಣಿನ ಮುಂದೆ ಕುಳಿತಿತ್ತು, ಅವ್ವ ಹೂಂ ಎಂದರೆ ಎದ್ದು ತಾನೇ ವೈರು ಬಿಚ್ಚುತ್ತಿದ್ದಳು.

ಚೌಡವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಸಾವ್ಕಾರ್ರ, ನನ್ನ ಮಗಳು ನಿಮ್ಮನ್ಯಾಗ ಯಾವ ಬಾಗಲದಾಗಿಂದ ಬರಬೇಕ್ರಿ?" ಎಂದು ಕೇಳಿದಳು.

 ಯಂತ್ರ ಸದ್ದು ಮಾಡುವಂಥದ್ದಲ್ಲ. ಹಂಚಿನ ಮೇಲೆ ನೀರು ಚುರುಗುಟ್ಟಿದ್ದು, ಕೋಟೆಯ ಕಡೆ ಒಂದು ನವಿಲು ಕೂಗಿದ್ದು ಎರಡೂ ಕೇಳಿಸಿದವು. ಸಾವುಕಾರ ಆ ಪ್ರಶ್ನೆಯಲ್ಲಿ ಏನಿದೆ ಎಂದೇ ತಿಳಿಯದವನಂತೆ ಉತ್ತರ ಕೊಟ್ಟ. ನನಗೆ ಇವತ್ತಿಗೂ ಮೈ ಉರಿಯುವುದು ಆ ಸಲೀಸಿಗೆ.

"ಹಿತ್ತಲದಾಗ ದನದ ಕೊಟ್ಟಿಗಿ ಬಾಜೂಕ ಒಂದು ಬಾಗಲೈತೆಲ್ಲ."

ಚೌಡವ್ವ ರೊಟ್ಟಿ ತಿರುವಿ ಹಾಕಿದಳು. ಎದ್ದು ನಿಲ್ಲಲಿಲ್ಲ, ಸೆರಗು ಹೊದೆಯಲೂ ಇಲ್ಲ.

"ಹಂಗಾರ ಆ ಬಲ್ಬ್ ಅಲ್ಲೇ ಹಚ್ಚ್ರಿ, ದನಕ್ಕರ ಬೆಳಕಾಗ್ಲಿ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಮಂಜಿ, ಆ ಟಿವಿ ಒಂಚೂರು ಈ ಕಡೆ ತಿರುವು. ರೊಟ್ಟಿ ಹೊತ್ತಾಕತ್ತೈತಿ" ಎಂದಳು.

ಮಂಜವ್ವ ಹಲಗೆಯನ್ನು ಒಲೆಯ ಕಡೆ ಎಳೆದಳು. ಹುಡುಗಿಯರು ಎದ್ದು ಚೌಡವ್ವನಿಗೆ ಬೆಳಕು ಬೀಳುವಂತೆ ಗೋಡೆಯ ಬದಿಗೆ ಸರಿದು ಕುಳಿತರು.